ಬಾಯಿಗೆ ಬಾರದ ಆಮೆನ್

ಸುವಾರ್ತ ಪ್ರಾರ್ಥನೆ ಮುಗಿಸಿದಳು. ಚಾಪೆಯ ಮೇಲೆ ಮಂಡಿಯೂರಿದ್ದ ಹನ್ನೆರಡು ಜನವೂ ಒಟ್ಟಿಗೆ ‘ಆಮೆನ್’ ಎಂದರು. ಅವಳ ಗಂಡ ಸ್ವಾಮಿದಾಸ ಮಾತ್ರ ಬಾಯಿ ತೆರೆಯಲಿಲ್ಲ.

ಗುರುವಾರದ ಪ್ರಾರ್ಥನಾಕೂಟ ಈ ಸಲ ಮಂಡಿ ಮೊಹಲ್ಲಾದ ಅವರ ಮನೆಯಲ್ಲೇ ಇತ್ತು. ಕುರ್ಚಿ, ಟೀಪಾಯಿಗಳನ್ನೆಲ್ಲ ಒಳಕೋಣೆಗೆ ನೂಕಿ ನಡುಮನೆಯಲ್ಲಿ ಜಾಗ ಮಾಡಿದ್ದರು. ಸ್ವಾಮಿದಾಸನ ಕಾಯಿಲೆಗಾಗಿಯೇ ಸೇರಿದ್ದ ಕೂಟ ಅದು. ಎಂಟು ತಿಂಗಳಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಕೂತಲ್ಲಿ ಕೂತಹಾಗೇ ಎದೆ ಡವಗುಟ್ಟಿ ಅಂಗೈ ಬೆವರುತ್ತದೆ. ದೊಡ್ಡಾಸ್ಪತ್ರೆಯ ಡಾಕ್ಟರು ಇಸಿಜಿ ಮಾಡಿಸಿ, ಹೃದಯ ಗಟ್ಟಿಯಾಗಿದೆ, ಇದು ಮನಸ್ಸಿನ ಆತಂಕ ಎಂದು ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆ ನುಂಗಿದ ದಿನ ಮಂಪರು ಬರುತ್ತಿತ್ತೇ ಹೊರತು ಭಯ ಹೋಗುತ್ತಿರಲಿಲ್ಲ.

ಸುವಾರ್ತ ಮೊದಲು ಗಂಡನಿಗಾಗಿ ಬೇಡಿಕೊಂಡಳು. ಆಮೇಲೆ, ಯಾರೂ ಹೇಳಿಕೊಡದಿದ್ದರೂ, ಇನ್ನೊಬ್ಬನ ಹೆಸರನ್ನೂ ಸೇರಿಸಿದಳು.

“ಕರ್ತನೇ, ಇವರ ಜೊತೆ ಕೆಲಸ ಮಾಡ್ತಿದ್ದ ಲಿಂಗರಾಜಣ್ಣನ ಮೇಲೂ ದಯೆ ಇಡಪ್ಪ. ಬ್ಲೇಡಿನ ಗಾರ್ಡು ತೆಗೆದು ಮಷಿನ್ ಓಡಿಸಿ ತಮ್ಮ ಕೈನ ತಾವೇ ಹಾಳು ಮಾಡ್ಕೊಂಡ್ರು. ಅವರ ಅಜಾಗ್ರತೆನ ಮನ್ನಿಸು. ಇನ್ನು ಮುಂದಾದ್ರೂ ಒಳ್ಳೆ ಬುದ್ಧಿ ಕೊಡು.”

ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ಆ ಮರುಕಕ್ಕೇ ಸ್ವಾಮಿದಾಸನಿಂದ ಆಮೆನ್ ಎನ್ನಲಾಗಲಿಲ್ಲ. ಎಲ್ಲರೂ ಎದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರೂ ಅವನು ಕಣ್ಣು ಮುಚ್ಚಿಕೊಂಡು ಹಾಗೇ ಕೂತಿದ್ದ. ಭಕ್ತಿ ಎಂದುಕೊಂಡು ಯಾರೂ ಅವನನ್ನು ಮುಟ್ಟಲಿಲ್ಲ.

ಲಿಂಗರಾಜು ಗಾರ್ಡು ತೆಗೆದಿರಲಿಲ್ಲ. ತೆಗೆದವನು ಸ್ವಾಮಿದಾಸ.

ಪ್ರಭುಸ್ವಾಮಿಯವರ ಕಾರ್ಖಾನೆ ಅವನ ಮನೆಯಿಂದ ಎರಡು ಬೀದಿ ಆಚೆ. ಬೀಟೆ ಮರದ ಹಲಗೆಯಲ್ಲಿ ಹಲಸು, ಹೊನ್ನೆ ಮುಂತಾದ ಬಣ್ಣಬಣ್ಣದ ಮರದ ತುಂಡುಗಳನ್ನು ಕೂರಿಸಿ ಚಿತ್ರ ಮಾಡುವ ಜಾಗ. ಮುಂದೆ ಅಂಗಡಿ, ಹಿಂದೆ ತಗಡಿನ ಶೆಡ್ಡು. ಸ್ವಾಮಿದಾಸ, ಲಿಂಗರಾಜು ಇಬ್ಬರೂ ಅಲ್ಲಿಗೆ ಸೇರಿ ಇಪ್ಪತ್ತೊಂದು ವರ್ಷವಾಗಿತ್ತು. ಕೂದಲೆಳೆಯಂಥ ಗರಗಸದಲ್ಲಿ ಆನೆಯ ಕಣ್ಣು, ಹೆಂಗಸಿನ ಮೂಗುತಿ ಕೊರೆಯುವುದರಲ್ಲಿ ಸ್ವಾಮಿದಾಸನದು ಎತ್ತಿದ ಕೈ. ಲಿಂಗರಾಜು ದೊಡ್ಡ ಗರಗಸದ ಮಷಿನ್ನಿನಲ್ಲಿ ಹಲಗೆ ಸೀಳುತ್ತಿದ್ದ.

ಮಾರ್ಚಿನ ಒಂದು ಮಧ್ಯಾಹ್ನ ಲಿಂಗರಾಜು ಊಟಕ್ಕೆ ಕೂತಿದ್ದಾಗ, ಸ್ವಾಮಿದಾಸ ತನಗೆ ಬೇಕಾದ ಒಂದು ದಪ್ಪ ತುಂಡನ್ನು ತಾನೇ ಸೀಳಿಕೊಳ್ಳಲು ಹೋದ. ಕೈ ತಾಗದಂತೆ ಬ್ಲೇಡಿನ ಮೇಲೆ ಮುಚ್ಚಿದ್ದ ಗಾರ್ಡಿಗೆ ತುಂಡು ತಾಕುತ್ತಿತ್ತು. ಸ್ಪ್ಯಾನರ್ ಹಾಕಿ ಗಾರ್ಡು ಬಿಚ್ಚಿ ಕೆಳಗೆ ಹೊಟ್ಟಿನ ಮೇಲಿಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಮುಂದಿನ ಅಂಗಡಿಯಿಂದ ಪ್ರಭುಸ್ವಾಮಿಯವರು ಗಿರಾಕಿಗೆ ಮಾದರಿ ತೋರಿಸಲು ಕರೆದರು. ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು ಹೋದ. ಮಾತು ಬೆಳೆಯಿತು. ಗಾರ್ಡು ಮರೆತೇಹೋಯಿತು. ಕರೆಂಟು ಬಂದ ಕೂಡಲೇ ಲಿಂಗರಾಜು, ಬಾಕಿ ಕೆಲಸ ಮುಗಿಸುವ ಅವಸರದಲ್ಲಿ, ಹಲಗೆ ಹಿಡಿದು ಸ್ವಿಚ್ಚು ಒತ್ತಿದ. ಮಷಿನ್ನಿನ ಸದ್ದನ್ನೂ ಮೀರಿ ಬಂದ ಆ ಕೂಗು ಈಗಲೂ ಸ್ವಾಮಿದಾಸನ ಕಿವಿಯಲ್ಲಿತ್ತು. ಬಲಗೈಯ ಮೂರು ಬೆರಳು ಹೋಗಿದ್ದವು.

ಓಡಿಹೋಗಿ ತನ್ನ ಅಂಗಿ ಬಿಚ್ಚಿ ಆ ಕೈಗೆ ಸುತ್ತಿದವನು ಸ್ವಾಮಿದಾಸನೇ. ಪ್ರಭುಸ್ವಾಮಿಯವರು ನೆಲದ ಮೇಲಿದ್ದ ಗಾರ್ಡನ್ನು ನೋಡಿ, “ಗಾರ್ಡು ಬಿಚ್ಚಾಕಿದಾನೆ ನೋಡ್ರಯ್ಯ! ಎಷ್ಟು ಸಲ ಬಡ್ಕೊಂಡಿದ್ದೆ!” ಎಂದು ಕೂಗಿದರು. ಆಗ ಹೇಳಬಹುದಿತ್ತು. ಮೊದಲು ಆಸ್ಪತ್ರೆಗೆ ಸೇರಿಸೋಣ ಎಂದುಕೊಂಡ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು, “ನೀನೂ ನೋಡಿದ್ಯಲ್ಲ ಸ್ವಾಮಿ?” ಎಂದು ಕೇಳಿದಾಗ ಅವನ ತಲೆ ತಾನಾಗಿ ಹೌದೆಂದು ಆಡಿತು. ವಾರದ ಮೇಲೆ ಒಂದು ಟೈಪು ಮಾಡಿದ ಕಾಗದ ಬಂತು. ಕೆಲಸಗಾರನ ಸ್ವಂತ ತಪ್ಪಿನಿಂದ ಆದ ಅಪಘಾತ, ಪರಿಹಾರ ಕೊಡಬೇಕಿಲ್ಲ ಎಂದು ಅದರಲ್ಲಿ ಬರೆದಿತ್ತು. ಸಾಕ್ಷಿಯ ಜಾಗದಲ್ಲಿ ಅವನು ಸಹಿ ಹಾಕಿದ. ಮರುದಿನ ಅವನು ಕೊರೆದ ಆನೆಯ ಕಣ್ಣು ಗೆರೆ ತಪ್ಪಿತು.

ಕೂಟಕ್ಕೆ ಬಂದವರು ಟೀ ಕುಡಿದು, ಖಾರಾಬೂಂದಿ ತಿಂದು, ಒಬ್ಬೊಬ್ಬರಾಗಿ ಹೊರಟರು. ಕೊನೆಗೆ ಹೊರಟವರು ಪಾಸ್ಟರಮ್ಮ ಕುಸುಮ. ವರ್ಷದ ಹಿಂದೆ ಇಲ್ಲಿನ ಚರ್ಚಿನ ಸಭೆಗೆ ವರ್ಗವಾಗಿ ಬಂದಿದ್ದ ಐವತ್ತರ ಆಸುಪಾಸಿನ ಹೆಂಗಸು, ಎಲ್ಲಿಗೂ ಸ್ಕೂಟರಿನಲ್ಲೇ ಓಡಾಡುವವರು. ಸ್ವಾಮಿದಾಸ ಅವರ ಹಿಂದೆಯೇ ಬೀದಿಗಿಳಿದು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡ.

“ಪಾಸ್ಟರಮ್ಮ, ಒಂದು ಮಾತಿತ್ತು.”

“ನೀವು ಆಮೆನ್ ಅನ್ನಲಿಲ್ಲ,” ಎಂದರು ಕುಸುಮ. “ಅದಕ್ಕೇ ನಿಧಾನ ಮಾಡಿದೆ.”

ಅಲ್ಲೇ, ಬೆಲ್ಲದ ಮಂಡಿಯ ಮುಂದೆ ಹಮಾಲಿಗಳು ಪಿಂಡಿ ಇಳಿಸುತ್ತಿದ್ದ ಗದ್ದಲದಲ್ಲಿ, ಅವನು ಎಲ್ಲವನ್ನೂ ಹೇಳಿದ. ನಡುವೆ ಒಂದು ತಳ್ಳುಗಾಡಿ ಬಂದು ಇಬ್ಬರೂ ಗೋಡೆಗೆ ಒತ್ತಿ ನಿಲ್ಲಬೇಕಾಯಿತು. ಅದು ದಾಟುವವರೆಗೂ ಅವನು ಬಾಯಿ ಮುಚ್ಚಿಕೊಂಡಿದ್ದು, ಬಿಟ್ಟಲ್ಲಿಂದಲೇ ಮತ್ತೆ ಹೇಳಿದ. ಕುಸುಮ ಒಮ್ಮೆಯೂ ‘ಅಯ್ಯೋ’ ಎನ್ನಲಿಲ್ಲ.

“ದಿನಾ ಪ್ರಾರ್ಥನೆ ಮಾಡ್ತೀನಿ ಪಾಸ್ಟರಮ್ಮ. ಈ ಭಯ ತೆಗಿ, ಈ ಭಯ ತೆಗಿ ಅಂತ. ದೇವರು ಕೇಳ್ತಾನೇ ಇಲ್ಲ.”

“ಲಿಂಗರಾಜು ಅವರ ಹೆಸರೆತ್ತಿ ಎಷ್ಟು ಸಲ ಪ್ರಾರ್ಥನೆ ಮಾಡಿದ್ದೀರಿ?”

ಅವನು ಸ್ಕೂಟರಿನ ಕನ್ನಡಿ ನೋಡುತ್ತ ನಿಂತ.

“ಎಲ್ಲಾ ಚಿಂತೆನೂ ದೇವರ ಮೇಲೆ ಹಾಕಿ ಅಂತ ಚರ್ಚಿನ ಪುಲ್ಪಿಟ್ಟಲ್ಲಿ ನಿಂತು ನಾನೇ ಬೋಧನೆ ಮಾಡ್ತೀನಿ, ಸುಳ್ಳಲ್ಲ,” ಎಂದರು ಕುಸುಮ. “ಆದ್ರೆ ಸ್ವಾಮಿದಾಸ್, ಇದು ಚಿಂತೆ ಅಲ್ಲ. ಯಾರೋ ಬಾಗಿಲು ತಟ್ತಾ ಇದಾರೆ. ನೀವು ದೇವರ ಹತ್ರ ಹೋಗಿ ಆ ಸದ್ದು ನಿಲ್ಸು ಅಂತಿದ್ದೀರಿ. ಬಾಗಿಲು ತೆಗೆಯೋದು ಬೇಡವಾ?”

“ತೆಗೆದ್ರೆ ಏನಾಗುತ್ತೆ? ಕೆಲಸ ಹೋಗುತ್ತೆ. ಅವನು ಹೊಡೆದ್ರೂ ಹೊಡೀಬಹುದು. ಪೊಲೀಸು...”

“ನಂಗೊತ್ತಿಲ್ಲ. ಏನಾಗುತ್ತೆ ಅಂತ ಗೊತ್ತಿದ್ದು ಹೋಗೋದಾದ್ರೆ ಅದಕ್ಕೆ ನಂಬಿಕೆ ಯಾಕೆ ಬೇಕು?”

“ನೀವೂ ಜೊತೆಗೆ ಬಂದ್ಬಿಡಿ ಪಾಸ್ಟರಮ್ಮ.”

ಕುಸುಮ ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಂಡರು. “ಬರಬಹುದು. ಆದ್ರೆ ನಾನು ಬಂದ್ರೆ ಅವರು ನನ್ನ ಮುಖ ನೋಡ್ಕೊಂಡು ಮರ್ಯಾದೆಯಿಂದ ಮಾತಾಡ್ತಾರೆ. ಅವರಿಗೆ ಬಯ್ಯೋಕೆ ಜಾಗ ಬೇಕು. ನೀವೊಬ್ರೇ ಹೋಗಿ.”

ಮನೆಗೆ ಬಂದವನು ಲೋಟ ತೊಳೆಯುತ್ತಿದ್ದ ಸುವಾರ್ತಳಿಗೂ ಹೇಳಿದ. ಅವಳು ನಲ್ಲಿ ನಿಲ್ಲಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಅವನನ್ನೇ ನೋಡಿದಳು.

“ಎಂಟು ತಿಂಗಳು ಮುಚ್ಚಿಟ್ಟು ನನ್ನ ಬಾಯಲ್ಲಿ ದೇವರಿಗೆ ಸುಳ್ಳು ಹೇಳಿಸಿದ್ರಲ್ಲ,” ಎಂದಳು. ಅಳುತ್ತಾಳೆಂದುಕೊಂಡ, ಅಳಲಿಲ್ಲ. ಶುಕ್ರವಾರ, ಶನಿವಾರ ಎರಡು ದಿನವೂ ತಟ್ಟೆಗೆ ಅನ್ನ ಬಡಿಸಿ ಒಳಗೆ ಹೋಗುತ್ತಿದ್ದಳು. ಭಾನುವಾರ ಬೆಳಿಗ್ಗೆ ಆರಾಧನೆಗೆ ಹೊರಟವಳು ಬಾಗಿಲಲ್ಲಿ ನಿಂತು, “ನೀವು ಇವತ್ತು ಚರ್ಚಿಗೆ ಬರೋದು ಬೇಡ. ಅಲ್ಲಿಗೆ ಹೋಗಿ,” ಎಂದಳು.

ಶ್ರೀರಾಂಪುರದ ಬಸ್ಸು ಇಳಿದಾಗ ಹತ್ತು ಗಂಟೆ. ಲಿಂಗರಾಜು ಈಗ ಅಲ್ಲೊಂದು ಹೊಸ ಬಡಾವಣೆಯ ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆಗಿದ್ದಾನೆಂದೂ, ಹತ್ತಿರದಲ್ಲೇ ಬಾಡಿಗೆ ಮನೆ ಹಿಡಿದಿದ್ದಾನೆಂದೂ ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ಸ್ಟಾಪಿನ ಕಲ್ಲುಬೆಂಚಿನ ಮೇಲೆ ಸ್ವಾಮಿದಾಸ ಕೂತುಬಿಟ್ಟ. ಉಸಿರು ಮೇಲೆ ಮೇಲೆಯೇ ಆಡುತ್ತಿತ್ತು. ವಾಪಸ್ ಹೋಗುವ ಬಸ್ಸು ಎದುರಿಗೆ ಬಂದು ನಿಂತು ಹೋಯಿತು. ಇನ್ನೊಂದೂ ಬಂತು.

ಅವನು ಕಣ್ಣು ಮುಚ್ಚಿದ. ಎಂಟು ತಿಂಗಳಿಂದ ಬಾಯಿಪಾಠವಾಗಿದ್ದ ಆ ಬೇಡಿಕೆಯೇ ಮೊದಲು ನಾಲಿಗೆಗೆ ಬಂತು: ತೆಗೆದುಬಿಡು. ಅದನ್ನು ಅಲ್ಲೇ ತಡೆದ. “ಭಯ ಇರಲಿ ಅಪ್ಪಾ,” ಎಂದ ಮೆಲ್ಲಗೆ. “ಇದ್ದ ಹಾಗೇ ನನ್ನ ಅಲ್ಲಿಗೆ ಕರ್ಕೊಂಡು ಹೋಗು. ಲಿಂಗರಾಜುಗೆ... ಅವನಿಗೆ ನ್ಯಾಯ ಸಿಗಲಿ.” ಅಷ್ಟೇ. ದೇವರು ಉತ್ತರ ಕೊಟ್ಟಂತೇನೂ ಆಗಲಿಲ್ಲ. ಎದೆ ಹಾಗೇ ಬಡಿದುಕೊಳ್ಳುತ್ತಿತ್ತು. ಆದರೆ ಎದ್ದರೆ ಎದ್ದು ನಿಲ್ಲಲಾಯಿತು; ಒಂದು ಹೆಜ್ಜೆ ಇಟ್ಟರೆ ಇನ್ನೊಂದು ಇಡಲಾಯಿತು.

ಲಿಂಗರಾಜು ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಎಡಗೈಯಲ್ಲಿ ಗಡ್ಡ ಹೆರೆಯುತ್ತಿದ್ದ. ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿತ್ತು. ಬಲಗೈ ತೊಡೆಯ ಮೇಲೆ ಮಗುಚಿ ಬಿದ್ದಿತ್ತು. ಹೆಬ್ಬೆರಳು, ಕಿರುಬೆರಳು ಎರಡೇ. ಸ್ವಾಮಿದಾಸನನ್ನು ನೋಡಿ ಅವನ ನೊರೆ ಮುಖ ಅರಳಿತು.

“ಓಹೋ, ಬಾರಪ್ಪ ಬಾ! ಈಗ ನೆಪ್ಪಾಯ್ತಾ ನಿಂಗೆ? ಏ ಸಿದ್ದಲಿಂಗಮ್ಮಾ, ಯಾರ್ ಬಂದವ್ರೆ ನೋಡು! ನಮ್ ಸ್ವಾಮಿ ಕಣೇ!”

ಆ ಸ್ವಾಗತ ಅವನು ಎಣಿಸಿರದ ಪೆಟ್ಟು. ಲಿಂಗರಾಜನ ಹೆಂಡತಿ ಸಿದ್ದಲಿಂಗಮ್ಮ ಒಳಗಿನಿಂದಲೇ, “ಕೂತ್ಕೊಳ್ಳಿ ಅಣ್ಣ, ಕಾಪಿ ಮಾಡ್ತೀನಿ,” ಎಂದಳು. ಕಾಫಿ ಬಂದುಬಿಟ್ಟರೆ ತಾನು ಕುಡಿದು ಹೇಳದೆ ಎದ್ದುಹೋಗುತ್ತೇನೆಂದು ಸ್ವಾಮಿದಾಸನಿಗೆ ಗೊತ್ತಿತ್ತು.

“ಗಾರ್ಡು ತೆಗೆದಿದ್ದು ನಾನು, ಲಿಂಗರಾಜು.”

ರೇಜರು ಕೆನ್ನೆಯ ಮೇಲೆ ನಿಂತಿತು.

“ಊಟದ ಹೊತ್ತಲ್ಲಿ ಬಿಚ್ಚಿದೆ. ಕರೆಂಟು ಹೋಯ್ತು. ಮುಂದಕ್ಕೆ ಕರೆದ್ರು, ಮರೆತು ಹೋದೆ. ಗೊತ್ತಿದ್ದೂ ಸುಮ್ನಿದ್ದೆ. ಕಾಗದಕ್ಕೆ ಸೈನೂ ಹಾಕ್ದೆ.”

ಲಿಂಗರಾಜನ ಗಲ್ಲದ ಕೆಳಗೆ ನೊರೆ ಒಣಗಿ ಬಿರುಕು ಬಿಡುತ್ತಿತ್ತು. ಆಮೇಲೆ ರೇಜರನ್ನು ಚೊಂಬಿನ ನೀರಿಗೆ ಹಾಕಿ, “ಸಿದ್ದಲಿಂಗಮ್ಮ, ಒಲೆ ಆರ್ಸಿ ಬಾ ಇಲ್ಲಿ. ಮಗೀನೂ ಕರಿ,” ಎಂದ. ಹೆಂಡತಿಯೂ, ಪಿಯುಸಿ ಓದುತ್ತಿದ್ದ ಮಗಳು ಸೌಮ್ಯಶ್ರೀಯೂ ಬಾಗಿಲಿಗೆ ಬಂದರು.

“ಇನ್ನೊಂದ್ ಸಲ ಏಳು.”

“ಲಿಂಗರಾಜು...”

“ಏಳು ಅಂದೆ.”

ಸ್ವಾಮಿದಾಸ ಮತ್ತೆ ಹೇಳಿದ. ಈ ಸಲ ಮಾತು ಮೊದಲಿಗಿಂತ ಕಷ್ಟವಾಯಿತು. ಆ ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸಿದ್ದಲಿಂಗಮ್ಮ ಹೊಸ್ತಿಲ ಮೇಲೆಯೇ ಕುಸಿದು ಕೂತಳು.

“ಕೇಳುಸ್ತಾ?” ಎಂದ ಲಿಂಗರಾಜು ಹೆಂಡತಿಗೆ. ಅವನ ದನಿ ಒಡೆಯಿತು. “ನೀನು ಎಷ್ಟು ಬೈದೆ ನಂಗೆ. ಮಗೀ ಬದುಕು ಹಾಳು ಮಾಡ್ದೆ ಅಂದೆ.” ಸ್ವಾಮಿದಾಸನ ಕಡೆ ತಿರುಗಿದ. “ಮೊದ್ಲು ಹದಿನೈದ್ ದಿನ ನಾನ್ ತೆಗ್ದಿಲ್ಲ ಅಂತ ಏಳ್ದೆ ಕಣೋ. ಯಾರೂ ನಂಬ್ಲಿಲ್ಲ. ಸ್ವಾಮಿನೇ ನೋಡವ್ನಂತೆ ಅಂದ್ರು. ನೀನು ಸುಳ್ಳು ಏಳೋನಲ್ಲ ಅಂತ ಗೊತ್ತಲ್ಲ ನಂಗೆ, ಇಪ್ಪತ್ತೊಂದ್ ವರ್ಸದಿಂದ. ಅಂಗಾದ್ರೆ ನಾನೇ ತೆಗ್ದಿರ್ಬೇಕು ಅನ್ಕಂಡೆ. ತೆಗ್ದಂಗೆ ನೆಪ್ಪೂ ಬರಕ್ಕೆ ಸುರುವಾಯ್ತು. ಕೈಯಲ್ಲಿ ಸ್ಪ್ಯಾನರ್ ಇಡ್ಕಂಡಿದ್ದಂಗೆ ಕಾಣೋದು ಕಣೋ ಕಣ್ಣಿಗೆ! ನನ್ನ ನಾನೇ ನಂಬ್ದಂಗೆ ಮಾಡ್ಬುಟ್ಯಲ್ಲೋ.”

ಸ್ವಾಮಿದಾಸ ಕೆಲಸ ಹೋಗುವುದಕ್ಕೆ, ಹೊಡೆತ ತಿನ್ನುವುದಕ್ಕೆ, ಪೊಲೀಸರಿಗೆ ಸಿದ್ಧನಾಗಿ ಬಂದಿದ್ದ. ಇದಕ್ಕೆ ಸಿದ್ಧನಾಗಿರಲಿಲ್ಲ. ಬೆರಳು ಹೋದದ್ದು ಮರೆವಿನಿಂದ. ಈ ಮೋಸವನ್ನು ಮಾತ್ರ ತಾನು ಎಂಟು ತಿಂಗಳು ದಿನವೂ ಎದ್ದು ಹೊಸದಾಗಿ ಮಾಡಿದ್ದ. ಅವನು ಮೆಟ್ಟಿಲ ಕೆಳಗೆ ನೆಲದ ಮೇಲೆ ಕೂತು, “ನನ್ನ ಕ್ಷಮ...” ಎನ್ನುವಷ್ಟರಲ್ಲಿ ಲಿಂಗರಾಜು ಎಡಗೈ ಎತ್ತಿ ತಡೆದ.

“ಅದನ್ನ ಕೇಳ್ಬ್ಯಾಡ. ಈಗ ಕೇಳ್ಬ್ಯಾಡ. ನಾಳೆ ಕಾರ್ಖಾನೆಗೆ ಬತ್ತೀನಿ. ಎಲ್ಲಾರ್ ಮುಂದೆ ಏಳು.”

“ಹೇಳ್ತೀನಿ.”

“ಏಳ್ದೆ ಇದ್ರೆ?”

“ಹೇಳ್ತೀನಿ ಕಣೋ,” ಎಂದ ಸ್ವಾಮಿದಾಸ.

ಕಾಫಿಯನ್ನು ಯಾರೂ ಕೊಡಲಿಲ್ಲ. ಅವನು ಗೇಟು ದಾಟುವಾಗ ಹಿಂದೆ ಸಿದ್ದಲಿಂಗಮ್ಮ ಗಂಡನ ತಲೆಯನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು.

ಆ ಸಂಜೆ ಅವನು ಹಾಸಿಗೆಯ ಪಕ್ಕ ಮಂಡಿಯೂರಿದಾಗ, ಎರಡು ದಿನದ ಮೇಲೆ, ಸುವಾರ್ತ ಬಂದು ಪಕ್ಕದಲ್ಲಿ ಕೂತಳು. ಅವಳು ಅವನ ಕೈ ಹಿಡಿಯಲಿಲ್ಲ. ಎದ್ದು ಹೋಗಲೂ ಇಲ್ಲ.

ಸೋಮವಾರ ಬೆಳಿಗ್ಗೆ ಲಿಂಗರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೆಗಲಿಗೊಂದು ಚೀಲ ನೇತುಹಾಕಿಕೊಂಡು ಬಂದ. ಶೆಡ್ಡಿನಲ್ಲಿದ್ದ ಏಳೂ ಜನ ಎದ್ದು ನಿಂತರು. ಮಷಿನ್ ನಿಲ್ಲಿಸಿ ಸ್ವಾಮಿದಾಸ ಮೂರನೆಯ ಸಲ ಹೇಳಿದ. ಗಾರ್ಡು, ಸ್ಪ್ಯಾನರು, ಕರೆಂಟು, ತಲೆಯಾಡಿಸಿದ್ದು, ಸಹಿ, ಯಾವುದನ್ನೂ ಬಿಡಲಿಲ್ಲ. ಪಾಲಿಶ್ ಹಚ್ಚುವ ಬೆಟ್ಟಯ್ಯ ಎಂಬ ಮುದುಕ ಮೊದಲು ಅವನ ಮುಖ ನೋಡಿದ. ಆಮೇಲೆ ಲಿಂಗರಾಜನ ಬಳಿಗೆ ಹೋಗಿ, “ನಾನೂ ನಿಂಗೆ ಅಂದ್ಬುಟ್ಟಿದ್ದೆ ಕಣಪ್ಪ, ಕೊಬ್ಬು ಅಂತ,” ಎಂದು ತಲೆ ತಗ್ಗಿಸಿದ. ಲಿಂಗರಾಜನ ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಪ್ರಭುಸ್ವಾಮಿಯವರ ಮುಖ ಕಪ್ಪಿಟ್ಟಿತು. ಸ್ವಾಮಿದಾಸನನ್ನು ಮುಂದಿನ ಅಂಗಡಿಗೆ ಕರೆದು, “ತಲೆ ನೆಟ್ಟಗಿದ್ಯೇನೋ ನಿಂಗೆ? ಸೈನ್ ಹಾಕಿದೋನು ನೀನು. ಮುಗಿದಿರೋದನ್ನ ಯಾಕೆ ಕೆದಕ್ತೀಯ?” ಎಂದರು.

“ಅವನಿಗೆ ಮುಗಿದಿಲ್ಲ ಅಣ್ಣ. ನನಗೊಂದು ಹಾಳೆ ಕೊಡಿ. ನಡೆದಿದ್ದು ಬರೆದು ಲೇಬರ್ ಆಫೀಸಿಗೆ ಕೊಡ್ತೀನಿ.”

“ಬರೆದ್ರೆ ನಾಳೆಯಿಂದ ಇಲ್ಲಿ ನಿಂಗೆ ಕೆಲಸ ಇಲ್ಲ. ಯೋಚ್ನೆ ಮಾಡು.”

“ಮಾಡಿದ್ದೀನಿ ಅಣ್ಣ.”

ಪ್ರಭುಸ್ವಾಮಿಯವರು ಹಾಳೆ ಕೊಡಲಿಲ್ಲ. ಬೆಟ್ಟಯ್ಯ ಪಕ್ಕದ ಅಂಗಡಿಯಿಂದ ಎರಡು ಹಾಳೆ ತಂದುಕೊಟ್ಟ. ಸ್ವಾಮಿದಾಸ ಅರೆಬರೆ ಕೊರೆದಿದ್ದ ಹಲಗೆಯೊಂದನ್ನು ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಬರೆಯಲು ಕೂತ. ಅಕ್ಷರಗಳು ಸೊಟ್ಟಗಾದವು. ಎರಡು ಸಲ ಪೆನ್ನು ಕೆಳಗಿಟ್ಟು ಅಂಗೈ ಒರೆಸಿಕೊಂಡ. ‘ಮೇಲ್ಕಂಡದ್ದೆಲ್ಲ ಸತ್ಯ’ ಎಂದು ಬರೆದು ಹೆಸರು ಹಾಕಿದ. ಕಾಗದವನ್ನು ಲಿಂಗರಾಜನಿಗೆ ಕೊಟ್ಟ. ಅವನು ನಿಂತಲ್ಲೇ ಪೂರ್ತಿ ಓದಿದ. ಮತ್ತೊಮ್ಮೆ ಓದಿ, ಮಡಿಸಿ, ಚೀಲದೊಳಗೆ ಹಾಕಿಕೊಂಡ.

“ನಡಿ ಆಫೀಸಿಗೆ,” ಎಂದ. “ನಾನೊಬ್ನೇ ಕೊಟ್ರೆ ನಂಬಾಕಿಲ್ಲ.”

ಸ್ಟಾಪಿನವರೆಗೂ ಇಬ್ಬರೂ ಹಿಂದುಮುಂದಾಗಿ ನಡೆದರು. ಬಸ್ಸು ಅರ್ಧ ಖಾಲಿಯಿತ್ತು. ಲಿಂಗರಾಜು ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತು, ಚೀಲವನ್ನು ತನ್ನ ಪಕ್ಕದ ಜಾಗದಲ್ಲಿಟ್ಟ. ಸ್ವಾಮಿದಾಸ ಕಂಬಿ ಹಿಡಿದು ನಿಂತುಕೊಂಡ. ಹಿಂದೆ ಸೀಟುಗಳಿದ್ದವು, ಅಲ್ಲಿಗೆ ಹೋಗಿ ಕೂರಬೇಕೆಂದು ಅವನಿಗೆ ಅನಿಸಲಿಲ್ಲ. ಬಸ್ಸು ಎರಡು ಸ್ಟಾಪು ದಾಟಿದ ಮೇಲೆ, ಎದೆ ಬಡಿದುಕೊಳ್ಳುತ್ತಿಲ್ಲವೆಂಬುದು ಅವನ ಗಮನಕ್ಕೆ ಬಂತು. ಯಾವಾಗ ನಿಂತಿತೋ ತಿಳಿಯದು. ಉಸಿರು ಹೊಟ್ಟೆಯವರೆಗೂ ಇಳಿದು ಬರುತ್ತಿತ್ತು. ಅದಕ್ಕಾಗಿ ಸಂತೋಷಪಡಲು ಅವನಿಗೆ ನಾಚಿಕೆಯಾಯಿತು. ಕಣ್ಣೆದುರಿಗೇ ಮುಂದಿನ ಸೀಟಿನ ಕಂಬಿಯ ಮೇಲೆ ಆ ಎರಡು ಬೆರಳು ಊರಿಕೊಂಡಿದ್ದವು.

ಸರ್ಕಲ್ಲಿನಲ್ಲಿ ಡ್ರೈವರು ಜೋರಾಗಿ ಬ್ರೇಕು ಹಾಕಿದ. ಸ್ವಾಮಿದಾಸ ಮುಗ್ಗರಿಸಿ, ಸಾವರಿಸಿಕೊಂಡು ಮತ್ತೆ ಕಂಬಿ ಹಿಡಿದ. ಲಿಂಗರಾಜು ತಿರುಗಿ ನೋಡಲಿಲ್ಲ. ಕಿಟಕಿಯಾಚೆ ಒಬ್ಬಳು ಹೂವಿನ ಬುಟ್ಟಿಗೆ ನೀರು ಚಿಮುಕಿಸುತ್ತಿದ್ದಳು, ಅದನ್ನೇ ನೋಡುತ್ತಿದ್ದ. ಬಸ್ಸು ಮತ್ತೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ, ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡು, ಅವನು ಎಡಗೈಯಿಂದ ಪಕ್ಕದ ಜಾಗದ ಚೀಲವನ್ನೆತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ.